ಟ್ರೇಲರಿನ ದೀಪಗಳು: ಮೊದಲ ಸಲ ಕೊಂಡ ರೈತರು ತಿಳಿದಿರಬೇಕಾದ ವಿದ್ಯುತ್ ಜೋಡಣೆ

ಎತ್ತಿನ ಗಾಡಿಯ ಕಾಲದಲ್ಲಿ ರಾತ್ರಿ ಹೊತ್ತು ಸಂತೆಗೋ ಆಲೆಮನೆಗೋ ಹೊರಟ ರೈತನು ಗಾಡಿಯ ಅಚ್ಚಿನ ಕೆಳಗೆ ಒಂದು ಲಾಂದ್ರವನ್ನು ತೂಗುಹಾಕುತ್ತಿದ್ದನು. ಎತ್ತುಗಳಿಗೆ ದಾರಿ ಗೊತ್ತಿತ್ತು. ಲಾಂದ್ರದ ಮುಖ್ಯ ಕೆಲಸವೆಂದರೆ, ಮುಂದೆ ಒಂದು ಗಾಡಿ ಇದೆಯೆಂದು ಇತರರಿಗೆ ತಿಳಿಸುವುದು. ಇಂದು ಆ ಜಾಗಕ್ಕೆ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಬಂದಿವೆ. ಕಬ್ಬು, ಭತ್ತ, ಹುಲ್ಲು, ಗೊಬ್ಬರ, ಮರಳು ಎಲ್ಲವೂ ಇವುಗಳ ಮೇಲೆಯೇ ಸಾಗುತ್ತಿವೆ. ಆದರೆ ಲಾಂದ್ರದ ಕೆಲಸವನ್ನು ಮಾಡಬೇಕಾದ ಹಿಂದಿನ ದೀಪಗಳು ಅನೇಕ ಟ್ರೇಲರುಗಳಲ್ಲಿ ಉರಿಯುವುದಿಲ್ಲ. ಕೊಂಡ ವರ್ಷ ಉರಿದ ದೀಪಗಳು ಎರಡನೆಯ ಹಂಗಾಮಿಗೆ ಕೆಡುತ್ತವೆ. ಮೂರನೆಯ ಹಂಗಾಮಿಗೆ ಅವುಗಳ ತಂತಿಯೂ ಇರುವುದಿಲ್ಲ.

ಇದಕ್ಕೆ ಅಲಕ್ಷ್ಯವೊಂದೇ ಕಾರಣವಲ್ಲ. ಟ್ರೇಲರಿನ ವಿದ್ಯುತ್ ಜೋಡಣೆ ಹೇಗೆ ಕೆಲಸ ಮಾಡುತ್ತದೆಂಬುದು ತಿಳಿಯದಿರುವುದೂ ಒಂದು ಮುಖ್ಯ ಕಾರಣ. ಈ ಜೋಡಣೆ ಕಷ್ಟದ್ದೇನೂ ಅಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಅರಿತಿರುವ ರೈತರು ಇದನ್ನು ಒಂದೇ ದಿನದಲ್ಲಿ ಅರಿಯಬಹುದು.

ಹಿಂದಿನ ದೀಪ ಏಕೆ ಬೇಕು?

ಟ್ರ್ಯಾಕ್ಟರಿಗೆ ತನ್ನದೇ ಹಿಂದಿನ ದೀಪಗಳಿವೆ. ಆದರೆ ಟ್ರೇಲರನ್ನು ಜೋಡಿಸಿದೊಡನೆ ಅವು ಮರೆಯಾಗುತ್ತವೆ. ಕಬ್ಬು ತುಂಬಿದ ಮೇಲಂತೂ ಹಿಂದಿನಿಂದ ಬರುವವನಿಗೆ ಟ್ರ್ಯಾಕ್ಟರಿನ ಯಾವ ಬೆಳಕೂ ಕಾಣದು.

ಘಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಮೋಟಾರ್ ಸೈಕಲ್ ಸವಾರನು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತಾನೆ. ದೀಪವಿಲ್ಲದೆ ರಸ್ತೆ ಬದಿಯಲ್ಲಿ ನಿಂತ ಟ್ರೇಲರು ಅವನ ಮಂದ ಬೆಳಕಿನಲ್ಲಿ 30 ಮೀಟರ್ ದೂರದಲ್ಲಿ ಕಂಡಿತೆಂದು ಇಟ್ಟುಕೊಂಡರೆ, ಅವನಿಗೆ ಉಳಿಯುವುದು ಎರಡು ಸೆಕೆಂಡಿಗಿಂತ ಕಡಿಮೆ. ಕಂಡದ್ದೇನೆಂದು ಅರಿತು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ ಅವಧಿಯ ಬಹುಭಾಗ ಕಳೆದಿರುತ್ತದೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪವು 155 ಮೀಟರ್ ದೂರದಿಂದ ಕಾಣುವಂತಿರಬೇಕು. ಹಾಗೆ ಕಂಡರೆ ಅದೇ ಸವಾರನಿಗೆ ಒಂಬತ್ತು ಸೆಕೆಂಡುಗಳ ಅವಕಾಶ ಸಿಗುತ್ತದೆ. ಎರಡು ಸೆಕೆಂಡಿಗೂ ಒಂಬತ್ತು ಸೆಕೆಂಡಿಗೂ ಇರುವ ಅಂತರವನ್ನು ಐದು ವ್ಯಾಟಿನ ಒಂದು ಸಣ್ಣ ಬಲ್ಬು ತುಂಬುತ್ತದೆ. ಆ ಸವಾರನು ಬಹಳ ಸಲ ಅದೇ ಊರಿನವನೇ ಆಗಿರುತ್ತಾನೆ.

1988ರ ಮೋಟಾರು ವಾಹನಗಳ ಕಾಯಿದೆಯ ಕಣ್ಣಿನಲ್ಲಿ ಟ್ರೇಲರು ಸಹ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು, ನಂಬರ್ ಫಲಕ ಬೇಕು, ದೀಪ ಬೇಕು. 'ಎಂಜಿನ್ ಇಲ್ಲದ ಡಬ್ಬಿಗೆ ಇದೆಲ್ಲ ಏಕೆ?' ಎಂಬ ಮಾತು ನಿಲ್ಲುವುದಿಲ್ಲ.

ಮನೆಯ ವಿದ್ಯುತ್ತಿಗೂ ಟ್ರ್ಯಾಕ್ಟರಿನ ವಿದ್ಯುತ್ತಿಗೂ ಇರುವ ವ್ಯತ್ಯಾಸ

ಊರಿನಲ್ಲಿ ಮನೆಗೆ ವೈರಿಂಗ್ ಮಾಡುವವರಿಂದಲೇ ಟ್ರೇಲರಿಗೂ ತಂತಿ ಎಳೆಸುವುದು ವಾಡಿಕೆ. ಅವರ ಕೈಚಳಕ ಒಳ್ಳೆಯದೇ ಇರಬಹುದು. ಆದರೆ ಎರಡು ವಿಷಯಗಳಲ್ಲಿ ಲೆಕ್ಕ ತಪ್ಪುತ್ತದೆ.

ಮೊದಲನೆಯದು ವೋಲ್ಟೇಜು. ಮನೆಯಲ್ಲಿ 230 ವೋಲ್ಟ್, ಟ್ರ್ಯಾಕ್ಟರಿನಲ್ಲಿ 12 ವೋಲ್ಟ್. ವೋಲ್ಟ್ ಕಡಿಮೆಯಿದ್ದರೆ ತಂತಿ ತೆಳ್ಳಗಿದ್ದರೂ ಸಾಕೆಂದು ಭಾವಿಸುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಬಲ್ಬಿನ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಅದರ ತಂತಿಯಲ್ಲಿ ಹರಿಯುವ ಆಂಪಿಯರ್ ದೊರೆಯುತ್ತದೆ. 21 ವ್ಯಾಟಿನ ಬ್ರೇಕ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಅಷ್ಟೇ ವ್ಯಾಟಿನ ಬಲ್ಬು ಮನೆಯಲ್ಲಿ ಎಳೆಯುವುದಕ್ಕಿಂತ ಇದು ಸುಮಾರು 19 ಪಟ್ಟು ಹೆಚ್ಚು. ಆದುದರಿಂದ ಮನೆಯ ಕರೆಗಂಟೆಗೆ ಸಾಕಾಗುವ ತಂತಿ ಟ್ರೇಲರಿಗೆ ಸಾಲದು.

ಎರಡನೆಯದು ಅರ್ತ್. ಮನೆಯಲ್ಲಿ ಅರ್ತ್ ತಂತಿ ಇರುವುದು ರಕ್ಷಣೆಗಾಗಿ. ಅದು ಕಡಿದುಹೋದರೂ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಟ್ರ್ಯಾಕ್ಟರಿನಲ್ಲಿ ಅರ್ತ್ ಎಂದರೆ ಬೇರೆಯೇ ಅರ್ಥ. ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ವಿದ್ಯುತ್ತು ಬಲ್ಬನ್ನು ದಾಟಿ ಮತ್ತೆ ಬ್ಯಾಟರಿಯ ಮೈನಸ್ ತುದಿಗೇ ಹಿಂದಿರುಗಬೇಕು. ಹೀಗೆ ಹಿಂದಿರುಗುವ ದಾರಿಯೇ ಇಲ್ಲಿ ಅರ್ತ್. ಟ್ರ್ಯಾಕ್ಟರಿನ ಕಬ್ಬಿಣದ ಮೈಯೇ ಈ ಕೆಲಸ ಮಾಡುವುದರಿಂದ ಅಲ್ಲಿ ಪ್ರತಿ ದೀಪಕ್ಕೂ ಎರಡು ತಂತಿ ಕಾಣುವುದಿಲ್ಲ. ಆದರೆ ಆ ದಾರಿ ತಪ್ಪಿದರೆ ಯಾವ ದೀಪವೂ ಸರಿಯಾಗಿ ಉರಿಯಲಾರದು. ಟ್ರೇಲರಿನ ದೀಪಗಳ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ.

ಅರ್ತ್ ತಂತಿಯ ಮಹತ್ವ

ಟ್ರೇಲರು ಟ್ರ್ಯಾಕ್ಟರಿಗೆ ಸೇರುವುದು ಮೂಕಿಯ ತುದಿಯ ಬಳೆ ಮತ್ತು ಒಂದು ಪಿನ್ನಿನ ಮೂಲಕ. ಕಬ್ಬಿಣಕ್ಕೆ ಕಬ್ಬಿಣ ತಾಗಿರುವುದರಿಂದ ವಿದ್ಯುತ್ತು ಆ ದಾರಿಯಲ್ಲೇ ಹಿಂದಿರುಗಬಹುದೆಂದು ಬೇರೆ ಅರ್ತ್ ತಂತಿ ಹಾಕದೆ ಬಿಡುವವರುಂಟು. ಟ್ರೇಲರು ಹೊಸದಿದ್ದಾಗ ದೀಪವೂ ಉರಿಯುತ್ತದೆ. ಆದರೆ ಆ ಬಳೆಗೆ ಗ್ರೀಸ್ ಹಚ್ಚಿರುತ್ತಾರೆ, ಮೇಲೆ ಬಣ್ಣವಿರುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ. ರಸ್ತೆಯ ಹಳ್ಳದಿಣ್ಣೆಗೆ ಪಿನ್ನು ಅಲುಗಾಡಿದಂತೆಲ್ಲ ತಾಗುವುದು, ಬಿಡುವುದು ನಡೆದೇ ಇರುತ್ತದೆ. ದೀಪ ಮಿಣುಕುತ್ತದೆ. ಆದುದರಿಂದ ಮೂಕಿಯನ್ನು ನಂಬದೆ ಪ್ಲಗ್ಗಿನ ಮೂಲಕವೇ ಪ್ರತ್ಯೇಕ ಅರ್ತ್ ತಂತಿಯನ್ನು ಎಳೆಯುವುದು ಅವಶ್ಯ.

ಈ ತಂತಿ ಎಷ್ಟು ದಪ್ಪವಿರಬೇಕು? ರಾತ್ರಿ ಹೊತ್ತು ತಿರುವಿನಲ್ಲಿ ಬ್ರೇಕ್ ಹಾಕುವ ಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಕೆಂಪು ದೀಪ 10 ವ್ಯಾಟ್, ನಂಬರ್ ಫಲಕದ ದೀಪ 5 ವ್ಯಾಟ್, ಎರಡು ಬ್ರೇಕ್ ದೀಪ 42 ವ್ಯಾಟ್, ಒಂದು ಇಂಡಿಕೇಟರ್ 21 ವ್ಯಾಟ್. ಒಟ್ಟು 78 ವ್ಯಾಟ್, ಅಂದರೆ 6.5 ಆಂಪಿಯರ್. ಹೋಗುವಾಗ ಈ ವಿದ್ಯುತ್ತು ಬೇರೆ ಬೇರೆ ತಂತಿಗಳಲ್ಲಿ ಹಂಚಿಹೋಗುತ್ತದೆ. ಹಿಂದಿರುಗುವಾಗ ಎಲ್ಲವೂ ಒಂದೇ ಅರ್ತ್ ತಂತಿಯಲ್ಲಿ ಬರಬೇಕು. ಹಲವು ಹೊಲಗಳ ಬಸಿಗಾಲುವೆಗಳು ಸೇರುವ ದೊಡ್ಡ ಕಾಲುವೆ ಅಗಲವಾಗಿರಬೇಕಾದಂತೆ ಇದೂ ಉಳಿದೆಲ್ಲ ತಂತಿಗಳಿಗಿಂತ ದಪ್ಪವಾಗಿರಬೇಕು.

6 ಮೀಟರ್ ಉದ್ದದ ಅರ್ತ್ ತಂತಿಯಲ್ಲಿ ಈ 6.5 ಆಂಪಿಯರ್ ಹರಿದಾಗ ಕಳೆದುಹೋಗುವ ವೋಲ್ಟು ಹೀಗಿದೆ:

ತಾಮ್ರದ ತಂತಿ 0.5 ಚದರ ಮಿಲಿಮೀಟರ್ – ಸುಮಾರು 1.4 ವೋಲ್ಟ್
ತಾಮ್ರದ ತಂತಿ 1 ಚದರ ಮಿಲಿಮೀಟರ್ – ಸುಮಾರು 0.7 ವೋಲ್ಟ್
ತಾಮ್ರದ ತಂತಿ 2.5 ಚದರ ಮಿಲಿಮೀಟರ್ – ಸುಮಾರು 0.3 ವೋಲ್ಟ್

ಒಂದೂವರೆ ವೋಲ್ಟು ಅಲ್ಪವೆಂದು ತೋರಬಹುದು. ಆದರೆ ತಂತುವಿನ ಬಲ್ಬಿನಲ್ಲಿ ವೋಲ್ಟು ಇಳಿದುದಕ್ಕಿಂತ ಬೆಳಕು ಬಹು ಬೇಗ ಇಳಿಯುತ್ತದೆ. ವೋಲ್ಟು ಹತ್ತನೆಯ ಒಂದು ಪಾಲು ತಗ್ಗಿದರೆ ಬೆಳಕು ಸುಮಾರು ಮೂರನೆಯ ಒಂದು ಪಾಲು ತಗ್ಗುತ್ತದೆ. ತೆಳುತಂತಿ ಹಾಕಿ ಉಳಿಸಿದ ಹಣಕ್ಕೆ ರೈತನು ತೆರುವ ಬೆಲೆ ಇದು. ಆದುದರಿಂದ ದೀಪಗಳಿಗೆ ಕನಿಷ್ಠ 1 ಚದರ ಮಿಲಿಮೀಟರಿನ ಹಾಗೂ ಅರ್ತಿಗೆ 2.5 ಚದರ ಮಿಲಿಮೀಟರಿನ, ಅನೇಕ ಎಳೆಗಳುಳ್ಳ ತಾಮ್ರದ ತಂತಿಯನ್ನು ಬಳಸುವುದು ಯೋಗ್ಯ. ಒಂದೇ ಗಟ್ಟಿ ಎಳೆಯ ತಂತಿ ಕುಲುಕಾಟಕ್ಕೆ ಮುರಿಯುತ್ತದೆ.

ಏಳು ಪಿನ್ನಿನ ಸಾಕೆಟ್

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಮುಚ್ಚಳವಿರುವ ಒಂದು ದುಂಡನೆಯ ಸಾಕೆಟ್ ಇರುತ್ತದೆ. ಅದರಲ್ಲಿ ಏಳು ಪಿನ್ನುಗಳಿವೆ. 12 ವೋಲ್ಟಿನ ಈ ಸಾಕೆಟ್ಟಿಗೆ ಅಂತರರಾಷ್ಟ್ರೀಯ ಪ್ರಮಾಣವಿದೆ. ಅದರ ಹೆಸರು ಐಎಸ್ಓ 1724. ಯೂರೋಪಿನಲ್ಲಿ ಕಾರಿನ ಹಿಂದೆ ಎಳೆಯುವ ಸಂಚಾರಿ ಮನೆಗಳಾದ ಕ್ಯಾರವಾನುಗಳ ರಸ್ತೆ ದೀಪಗಳಿಗೂ ಬಹುಕಾಲ ಇದೇ ಸಾಕೆಟ್ ಬಳಕೆಯಲ್ಲಿತ್ತು. ಆ ಪ್ರಮಾಣದಂತೆ ಪಿನ್ನುಗಳ ಕೆಲಸ ಮತ್ತು ತಂತಿಯ ಬಣ್ಣ ಹೀಗಿದೆ:

ಪಿನ್ 1 – ಎಡ ಇಂಡಿಕೇಟರ್ – ಹಳದಿ
ಪಿನ್ 2 – ಹಿಂದಿನ ಮಂಜಿನ ದೀಪ – ನೀಲಿ
ಪಿನ್ 3 – ಅರ್ತ್ – ಬಿಳಿ
ಪಿನ್ 4 – ಬಲ ಇಂಡಿಕೇಟರ್ – ಹಸಿರು
ಪಿನ್ 5 – ಬಲಗಡೆಯ ಕೆಂಪು ದೀಪ – ಕಂದು
ಪಿನ್ 6 – ಬ್ರೇಕ್ ದೀಪಗಳು – ಕೆಂಪು
ಪಿನ್ 7 – ಎಡಗಡೆಯ ಕೆಂಪು ದೀಪ – ಕಪ್ಪು

ನಂಬರ್ ಫಲಕದ ದೀಪವನ್ನು 5 ಅಥವಾ 7ನೆಯ ಪಿನ್ನಿಗೆ ಸೇರಿಸಬಹುದು. ಮಂಜಿನ ದೀಪವಿಲ್ಲದ ಟ್ರೇಲರಿನಲ್ಲಿ 2ನೆಯ ಪಿನ್ನು ಖಾಲಿಯಿರುತ್ತದೆ.

ಇಲ್ಲಿ ಮೂರು ಮಾತುಗಳನ್ನು ಗಮನಿಸಬೇಕು. ಒಂದು, ಈ ಪದ್ಧತಿಯಲ್ಲಿ ಅರ್ತ್ ಬಿಳಿಯ ತಂತಿ. ಕಪ್ಪು ತಂತಿಯಲ್ಲಿ ಬ್ಯಾಟರಿಯ ಪ್ಲಸ್ ವಿದ್ಯುತ್ತು ಬರುತ್ತದೆ. ಮನೆ ವೈರಿಂಗಿನ ಅಭ್ಯಾಸದಿಂದ ಕಪ್ಪು ತಂತಿಯನ್ನು ಟ್ರೇಲರಿನ ಮೈಗೆ ಬಿಗಿದರೆ ದೀಪದ ಸ್ವಿಚ್ ಹಾಕಿದೊಡನೆ ಫ್ಯೂಸ್ ಹೋಗುತ್ತದೆ. ಎರಡು, ಟ್ರ್ಯಾಕ್ಟರಿನ ಒಳಗಿನ ತಂತಿಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಊರಿನ ವರ್ಕ್‌ಷಾಪಿನಲ್ಲಿ ಮಾಡಿಸಿದ ಟ್ರೇಲರಿನಲ್ಲಿ ಕೈಗೆ ಸಿಕ್ಕ ಬಣ್ಣದ ತಂತಿ ಇರುತ್ತದೆ. ಆದುದರಿಂದ ಬಣ್ಣವನ್ನು ನಂಬದೆ ಪ್ಲಗ್ಗಿನ ಒಳಗಡೆ ಪ್ರತಿ ಪಿನ್ನಿನ ಪಕ್ಕ ಅಚ್ಚೊತ್ತಿರುವ ಅಂಕಿಯನ್ನು ನೋಡಬೇಕು. ಟ್ರ್ಯಾಕ್ಟರಿನ ಕೈಪಿಡಿಯೊಡನೆ ತಾಳೆ ನೋಡಬೇಕು. ಮೂರು, ಎಲ್ಲ ಪಿನ್ನುಗಳನ್ನೂ ಸೇರಿಸಿಕೊಂಡ ಮೇಲೆ ಯಾವ ಪಿನ್ನಿಗೆ ಯಾವ ಬಣ್ಣ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಟ್ರ್ಯಾಕ್ಟರಿನ ಕಾಗದಪತ್ರಗಳ ಜೊತೆ ಇಡಬೇಕು. ನಡುರಾತ್ರಿ ದುರಸ್ತಿಗೆ ಕೂತವನಿಗೆ ಅದರ ಬೆಲೆ ತಿಳಿಯುತ್ತದೆ.

ಬಲ್ಬುಗಳ ಆಯ್ಕೆ

ಬ್ರೇಕ್ ದೀಪ ಮತ್ತು ಕೆಂಪು ದೀಪ ಎರಡೂ ಒಂದೇ ಬಲ್ಬಿನಲ್ಲಿರುವುದು ಸಾಮಾನ್ಯ. ಅದರಲ್ಲಿ 21 ವ್ಯಾಟಿನದೊಂದು, 5 ವ್ಯಾಟಿನದೊಂದು ತಂತು ಇರುತ್ತವೆ. ಅದರ ಎರಡು ಪಕ್ಕದ ಮೊಳೆಗಳು ಸಮನಾದ ಎತ್ತರದಲ್ಲಿರುವುದಿಲ್ಲ. ಬಲ್ಬು ಒಂದೇ ರೀತಿಯಲ್ಲಿ ಕೂರಲಿ ಎಂದೇ ಹೀಗೆ ಮಾಡಿದ್ದಾರೆ. ಅದುಮಿ ತಲೆಕೆಳಗು ಕೂರಿಸಿದರೆ 21 ವ್ಯಾಟಿನ ತಂತು ಸದಾ ಉರಿಯುತ್ತದೆ, ಬ್ರೇಕ್ ಒತ್ತಿದಾಗ 5 ವ್ಯಾಟಿನದು ಸೇರಿಕೊಳ್ಳುತ್ತದೆ. ಹಿಂದಿನವನಿಗೆ ಬ್ರೇಕ್ ಹಾಕಿದ್ದು ತಿಳಿಯುವುದೇ ಇಲ್ಲ.

ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಲಾರಿಗಳ 24 ವೋಲ್ಟಿನ ಬಲ್ಬುಗಳೂ ಸಿಗುತ್ತವೆ. ನೋಡಲು ಅವು ಒಂದೇ ತೆರನಾಗಿರುತ್ತವೆ. 24 ವೋಲ್ಟಿನ ಬಲ್ಬನ್ನು 12 ವೋಲ್ಟಿಗೆ ಹಾಕಿದರೆ ಅದು ಕೊಡಬೇಕಾದ ಬೆಳಕಿನಲ್ಲಿ ಹತ್ತನೆಯ ಒಂದು ಪಾಲಿನಷ್ಟನ್ನು ಮಾತ್ರ ಕೊಡುತ್ತದೆ. ಬಲ್ಬಿನ ತಳದ ಮೇಲೆ ಬರೆದಿರುವ ವೋಲ್ಟನ್ನು ಓದಿಯೇ ಕೊಳ್ಳಬೇಕು.

ಎಲ್‌ಇಡಿ ದೀಪಗಳು ಕಡಿಮೆ ವಿದ್ಯುತ್ತು ಎಳೆಯುತ್ತವೆ, ಕುಲುಕಾಟವನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಹಳೆಯ ಫ್ಲಾಷರು 21 ವ್ಯಾಟಿನ ಬಲ್ಬುಗಳ ಭಾರಕ್ಕೆ ಹೊಂದಿಸಿದ್ದಾದರೆ ಎಲ್‌ಇಡಿ ಹಾಕಿದಾಗ ಇಂಡಿಕೇಟರು ಸರಿಯಾಗಿ ಮಿನುಗದೆ ಇರಬಹುದು. ಆಗ ಎಲ್‌ಇಡಿಗೆ ತಕ್ಕ ಫ್ಲಾಷರನ್ನು ಹಾಕಿಸಬೇಕು. ಬಲ್ಬುಗಳೇ ಇದ್ದರೂ, ಟ್ರೇಲರು ಸೇರಿದಾಗ ಹೆಚ್ಚುವ ಭಾರವನ್ನು ಫ್ಲಾಷರು ಹೊರಬಲ್ಲುದೇ ಎಂದು ನೋಡಿಕೊಳ್ಳಬೇಕು. ಇಂಡಿಕೇಟರು ನಿಮಿಷಕ್ಕೆ 60ರಿಂದ 120 ಸಲ ಮಿನುಗುವುದು ಸರಿಯಾದ ಪ್ರಮಾಣ.

ತೊಂದರೆಗಳು, ಅವುಗಳ ಲಕ್ಷಣ ಮತ್ತು ಪರಿಹಾರ

ಬೆಳೆಗೆ ಬಂದ ರೋಗವನ್ನು ಲಕ್ಷಣದಿಂದ ಗುರುತಿಸುವಂತೆ ದೀಪದ ತೊಂದರೆಯನ್ನೂ ಲಕ್ಷಣದಿಂದಲೇ ಗುರುತಿಸಬಹುದು.

1. ಎಡ ಇಂಡಿಕೇಟರ್ ಹಾಕಿದರೆ ಕೆಂಪು ದೀಪಗಳೂ ಮಿನುಗುತ್ತವೆ, ಅಥವಾ ಬ್ರೇಕ್ ಒತ್ತಿದರೆ ಎಲ್ಲವೂ ಮಂಕಾಗುತ್ತವೆ.
ಕಾರಣ: ಅರ್ತ್ ಕೆಟ್ಟಿದೆ. ತೂಬು ಕಟ್ಟಿಕೊಂಡ ಗದ್ದೆಯ ನೀರು ಬದುವನ್ನು ಹಾಯ್ದು ಪಕ್ಕದ ಗದ್ದೆಗೆ ನುಗ್ಗುವಂತೆ, ಹಿಂದಿರುಗಲು ದಾರಿ ಕಾಣದ ವಿದ್ಯುತ್ತು ಬೇರೆ ಬಲ್ಬಿನ ತಂತುವಿನ ಮೂಲಕ ಹಾಯ್ದು ಇನ್ನೊಂದು ತಂತಿಯಲ್ಲಿ ಟ್ರ್ಯಾಕ್ಟರಿಗೆ ಮರಳುತ್ತದೆ. ದಾರಿಯಲ್ಲಿರುವ ಬಲ್ಬುಗಳೆಲ್ಲ ಅರೆಬರೆ ಬೆಳಗುತ್ತವೆ.
ಪರಿಹಾರ: 3ನೆಯ ಪಿನ್ನು, ಅದರ ತಂತಿ ಮತ್ತು ಅದು ಚಾಸಿಗೆ ಸೇರುವ ಬೋಲ್ಟನ್ನು ಪರೀಕ್ಷಿಸಬೇಕು. ಬೋಲ್ಟಿನ ಕೆಳಗಿನ ಬಣ್ಣ, ತುಕ್ಕುಗಳನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದು ಮೇಲೆ ಗ್ರೀಸ್ ಹಚ್ಚಬೇಕು.

2. ಒಂದು ದೀಪ ಮಾತ್ರ ಉರಿಯುವುದಿಲ್ಲ.
ಕಾರಣ: ಬಲ್ಬು ಹೋಗಿದೆ, ಹೋಲ್ಡರಿಗೆ ತುಕ್ಕು ಹಿಡಿದಿದೆ ಅಥವಾ ಆ ಒಂದು ತಂತಿ ಕಡಿದಿದೆ.
ಪರಿಹಾರ: ಬಲ್ಬನ್ನು ಇನ್ನೊಂದು ಕಡೆಯ ಬಲ್ಬಿನೊಡನೆ ಅದಲುಬದಲು ಮಾಡಿ ನೋಡುವುದು ಅತಿ ಸುಲಭವಾದ ಪರೀಕ್ಷೆ. ಇಂಡಿಕೇಟರಿನ ಒಂದು ಬಲ್ಬು ಹೋದಾಗ ಮಿನುಗುವ ವೇಗ ಬದಲಾಗುವುದುಂಟು. ಚಾಲಕನು ಅದನ್ನು ಗಮನಿಸಬೇಕು.

3. ಟ್ರ್ಯಾಕ್ಟರಿನ ದೀಪ ಉರಿಯುತ್ತದೆ, ಟ್ರೇಲರಿನದು ಒಂದೂ ಇಲ್ಲ.
ಕಾರಣ: ಪ್ಲಗ್ ಸರಿಯಾಗಿ ಕೂತಿಲ್ಲ, ಪಿನ್ನುಗಳಿಗೆ ಕಿಲುಬು ಹಿಡಿದಿದೆ ಅಥವಾ ಕೇಬಲ್ ಪೂರ್ತಿ ತುಂಡಾಗಿದೆ.
ಪರಿಹಾರ: ಪಿನ್ನುಗಳನ್ನು ಸ್ವಚ್ಛಮಾಡಿ, ಸಡಿಲವಾದವನ್ನು ಸರಿಪಡಿಸಬೇಕು. ಕೇಬಲನ್ನು ಮೂಕಿಯುದ್ದಕ್ಕೂ ಪರೀಕ್ಷಿಸಬೇಕು.

4. ಸ್ವಿಚ್ ಹಾಕಿದೊಡನೆ ಫ್ಯೂಸ್ ಹೋಗುತ್ತದೆ.
ಕಾರಣ: ಪ್ಲಸ್ ತಂತಿಯ ಹೊದಿಕೆ ಸವೆದು ಟ್ರೇಲರಿನ ಮೈಗೆ ತಾಗುತ್ತಿದೆ. ಚಾಸಿಯ ಚೂಪು ಅಂಚು, ಟಿಪ್ಪಿಂಗ್ ಟ್ರೇಲರಿನ ಕೀಲು, ಇಲಿ ಕಡಿದ ಜಾಗ ಇವುಗಳನ್ನು ಮೊದಲು ನೋಡಬೇಕು.
ಪರಿಹಾರ: ಕೆಟ್ಟ ತುಂಡನ್ನು ತೆಗೆದು ಹೊಸ ತಂತಿ ಸೇರಿಸಬೇಕು. ಚಾಸಿಯ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಬಳೆ ಹಾಕಬೇಕು.

ಫ್ಯೂಸ್ ಹೋದಾಗ ಸಿಗರೇಟಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಸುತ್ತಿ ಮುಂದೆ ಸಾಗುವುದು ಅತ್ಯಂತ ಅಪಾಯಕರ. ಫ್ಯೂಸ್ ಕರಗದಿದ್ದರೆ ತಂತಿಯೇ ಕೆಂಪಗೆ ಕಾಯುತ್ತದೆ. ಮೇಲೆ ಒಣ ಭತ್ತದ ಹುಲ್ಲೋ ಕಬ್ಬಿನ ರವದಿಯೋ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಕೈಪಿಡಿಯಲ್ಲಿ ಹೇಳಿದ ಆಂಪಿಯರಿನ ನಾಲ್ಕು ಫ್ಯೂಸುಗಳನ್ನು ಸದಾ ಡಬ್ಬಿಯಲ್ಲಿಟ್ಟಿರಬೇಕು. ಅದೇ ಫ್ಯೂಸ್ ಮತ್ತೆ ಹೋದರೆ ಕಾರಣವನ್ನು ಹುಡುಕಬೇಕೇ ಹೊರತು ದೊಡ್ಡ ಫ್ಯೂಸ್ ಹಾಕಬಾರದು.

ಪರೀಕ್ಷಾ ದೀಪದಿಂದ ತೊಂದರೆ ಹುಡುಕುವ ವಿಧಾನ

12 ವೋಲ್ಟಿನ 21 ವ್ಯಾಟ್ ಬಲ್ಬು, ಒಂದು ಹೋಲ್ಡರು, ಎರಡು ಮೀಟರಿನಷ್ಟು ತಂತಿ ಮತ್ತು ಒಂದು ಹಲ್ಲುಕ್ಲಿಪ್ಪು ಇದ್ದರೆ ಪರೀಕ್ಷಾ ದೀಪವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇಂಥ ಕೆಲಸಕ್ಕೆ ಬರಿಯ ಮೀಟರಿಗಿಂತ ಇದು ಮೇಲು. ಕಸ ಕಟ್ಟಿಕೊಂಡ ಪೈಪಿನಲ್ಲಿಯೂ ವಾಲ್ವು ಮುಚ್ಚಿರುವಾಗ ಒತ್ತಡ ಪೂರ್ತಿಯಾಗಿಯೇ ತೋರುತ್ತದೆ. ತೆರೆದಾಗಲೇ ನೀರು ಬಾರದಿರುವುದು ಗೊತ್ತಾಗುವುದು. ಹಾಗೆಯೇ ಕಿಲುಬು ಹಿಡಿದ ಜೋಡಣೆಯಲ್ಲಿಯೂ ಮೀಟರು 12 ವೋಲ್ಟ್ ತೋರಿಸಬಹುದು. ಬಲ್ಬು ಮಾತ್ರ ನಿಜ ಹೇಳುತ್ತದೆ.

ಪರೀಕ್ಷೆಯನ್ನು ಮುಂದಿನಿಂದ ಹಿಂದಕ್ಕೆ, ಕ್ರಮವಾಗಿ ಮಾಡಬೇಕು.

(ಅ) ಟ್ರೇಲರಿನ ಪ್ಲಗ್ ಕಿತ್ತು, ಎಂಜಿನ್ ನಿಲ್ಲಿಸಿ ಕೀಲಿ ಮಾತ್ರ ತಿರುಗಿಸಿ. ಕ್ಲಿಪ್ಪನ್ನು ಸಾಕೆಟ್ಟಿನ 3ನೆಯ ಪಿನ್ನಿಗೆ ಹಾಕಿ, ಇನ್ನೊಂದು ತುದಿಯನ್ನು ಒಂದೊಂದೇ ಪಿನ್ನಿಗೆ ತಾಗಿಸಿ. ಆಯಾ ಸ್ವಿಚ್ ಹಾಕಿದಾಗ ಬಲ್ಬು ಪ್ರಕಾಶವಾಗಿ ಉರಿಯಬೇಕು. ತುದಿ ಪಕ್ಕದ ಪಿನ್ನಿಗೆ ತಾಗದಂತೆ ಎಚ್ಚರವಿರಲಿ.

(ಆ) ಉರಿಯದಿದ್ದರೆ ಕ್ಲಿಪ್ಪನ್ನು ಟ್ರ್ಯಾಕ್ಟರಿನ ಸ್ವಚ್ಛವಾದ ಲೋಹದ ಭಾಗಕ್ಕೆ ಹಾಕಿ ನೋಡಿ. ಈಗ ಉರಿದರೆ ಸಾಕೆಟ್ಟಿನ ಅರ್ತ್ ಕೆಟ್ಟಿದೆ. ಈಗಲೂ ಉರಿಯದಿದ್ದರೆ ಫ್ಯೂಸ್, ಸ್ವಿಚ್ ಅಥವಾ ಟ್ರ್ಯಾಕ್ಟರಿನ ಒಳಗಿನ ತಂತಿಯನ್ನು ನೋಡಬೇಕು.

(ಇ) ಬ್ರೇಕ್ ದೀಪವನ್ನು ನೋಡುವಾಗ ಎಡ, ಬಲ ಎರಡೂ ಪೆಡಲುಗಳನ್ನು ಬೇರೆ ಬೇರೆಯಾಗಿಯೂ ಒತ್ತಿ ನೋಡಿ. ರಸ್ತೆಗೆ ಇಳಿಯುವ ಮುನ್ನ ಎರಡು ಪೆಡಲುಗಳಿಗೂ ಕೊಂಡಿ ಹಾಕಿ ಒಂದು ಮಾಡುವುದನ್ನು ಮರೆಯಬಾರದು.

(ಈ) ಸಾಕೆಟ್ ಸರಿಯಿದ್ದರೆ ಟ್ರೇಲರನ್ನು ಜೋಡಿಸಿ. ದೀಪಗಳು ಸರಿಯಾಗಿ ಉರಿಯದಿದ್ದರೆ ಬ್ಯಾಟರಿಯ ಮೈನಸ್ ತುದಿಯಿಂದ ಒಂದು ದಪ್ಪ ತಂತಿಯನ್ನು ಟ್ರೇಲರಿನ ದೀಪದ ಅರ್ತ್ ಜಾಗಕ್ಕೆ ನೇರವಾಗಿ ಸೇರಿಸಿ ನೋಡಿ. ಎಲ್ಲವೂ ಒಮ್ಮೆಗೇ ಸರಿಹೋದರೆ ಟ್ರೇಲರಿನ ಅರ್ತ್ ತಂತಿಯಲ್ಲೇ ದೋಷವಿದೆ ಎಂದರ್ಥ. ಈ ಒಂದು ಪರೀಕ್ಷೆ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ.

ಕಬ್ಬಿನ ಹಂಗಾಮಿನ ವಿಶೇಷ ತೊಂದರೆಗಳು

ಬೆಳಗಾವಿ, ಬಾಗಲಕೋಟೆ ಮುಂತಾದ ಕಬ್ಬಿನ ಜಿಲ್ಲೆಗಳಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರುಗಳನ್ನು ಕಟ್ಟುವುದು ಕಂಡುಬರುತ್ತದೆ. ದೀಪಗಳ ಭಾರ ಆಗ ಇಮ್ಮಡಿಯಾಗುತ್ತದೆ. 78 ವ್ಯಾಟಿನ ಬದಲು 156 ವ್ಯಾಟ್, 6.5ರ ಬದಲು 13 ಆಂಪಿಯರ್ ಆಗುತ್ತದೆ. ಮೊದಲನೆಯ ಟ್ರೇಲರಿನ ತೆಳು ತಂತಿಗೆ ಎರಡನೆಯದನ್ನು ಗಂಟು ಹಾಕಿದರೆ ಕಟ್ಟಕಡೆಯ ದೀಪವೇ, ಅಂದರೆ ಎಲ್ಲಕ್ಕಿಂತ ಮುಖ್ಯವಾದ ದೀಪವೇ, ಅತಿ ಮಂಕಾಗಿ ಉರಿಯುತ್ತದೆ. ಮೊದಲನೆಯ ಟ್ರೇಲರಿನ ಹಿಂಭಾಗದಲ್ಲಿಯೂ ಒಂದು ಏಳು ಪಿನ್ನಿನ ಸಾಕೆಟ್ ಕೂರಿಸಿ, ಅಲ್ಲಿಯವರೆಗೆ ಇನ್ನೂ ದಪ್ಪ ತಂತಿ ಎಳೆಸಬೇಕು. ಎರಡೂ ಟ್ರೇಲರಿಗೆ ಎಲ್‌ಇಡಿ ಹಾಕಿಸುವುದು ಈ ಸಂದರ್ಭದಲ್ಲಿ ಬಹಳ ಉಪಯುಕ್ತ.

ಹೇರು ಹಿಂದಕ್ಕೆ ಚಾಚಿದಾಗ ಕಬ್ಬಿನ ತುದಿಗಳು ದೀಪವನ್ನು ಮುಚ್ಚುತ್ತವೆ. ಉರಿಯುವ ದೀಪ ಕಾಣದಿದ್ದರೆ ಇದ್ದೂ ಇಲ್ಲದಂತೆ. ಇದಕ್ಕೆ ಕಳಚಿಡಬಹುದಾದ ದೀಪದ ಹಲಗೆ ಸುಲಭ ಉಪಾಯ. ಒಂದು ಹಲಗೆಯ ಎರಡು ತುದಿಗೆ ದೀಪಗಳನ್ನೂ ಕೆಂಪು ಪ್ರತಿಫಲಕಗಳನ್ನೂ ಕೂರಿಸಿ, ಉದ್ದ ಕೇಬಲಿನೊಡನೆ ಹೇರು ತುಂಬಿದ ಮೇಲೆ ಹಿಂದೆ ಬಿಗಿಯಾಗಿ ಕಟ್ಟಬೇಕು. ಕಬ್ಬು ಇಳಿಸುವಾಗ ಬಿಚ್ಚಿಟ್ಟರೆ ದೀಪ ಒಡೆಯುವುದಿಲ್ಲ. ಹಂಗಾಮು ಮುಗಿದ ಮೇಲೆ ಮನೆಯೊಳಗೆ ತೂಗುಹಾಕಿದರೆ ಇಲಿಯ ಕಾಟವೂ ಇಲ್ಲ.

ಕಾರ್ಖಾನೆಯ ಮುಂದೆ ಸರತಿಯಲ್ಲಿ ರಾತ್ರಿಯಿಡೀ ಕಾಯುವಾಗ ಬ್ಯಾಟರಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಟ್ರ್ಯಾಕ್ಟರು ಮತ್ತು ಒಂದು ಟ್ರೇಲರಿನ 5 ವ್ಯಾಟಿನ ಏಳು ದೀಪಗಳು ಸೇರಿ 35 ವ್ಯಾಟ್, ಸುಮಾರು 3 ಆಂಪಿಯರ್. 75 ಆಂಪಿಯರ್-ಘಂಟೆಯ ಒಳ್ಳೆಯ ಬ್ಯಾಟರಿಯು ಇದರಿಂದ ಅರ್ಧ ಖಾಲಿಯಾಗಲು 12 ಘಂಟೆ ಬೇಕು. ತಲಾ 55 ವ್ಯಾಟಿನ ಎರಡು ಮುಂದಿನ ದೀಪಗಳನ್ನು ಉರಿಸಿಟ್ಟರೆ ನಾಲ್ಕೇ ಘಂಟೆ ಸಾಕು. ಆದುದರಿಂದ ರಸ್ತೆಯಲ್ಲಿ ನಿಂತಾಗ ಮುಂದಿನ ದೀಪ ಆರಿಸಿ, ಹಿಂದಿನ ಸಣ್ಣ ದೀಪಗಳನ್ನು ಉರಿಯಲು ಬಿಡಬೇಕು. ಬ್ಯಾಟರಿ ಉಳಿಸಲೆಂದು ಹಿಂದಿನ ದೀಪ ಆರಿಸುವುದು ತಲೆಕೆಳಗಾದ ಉಳಿತಾಯ.

ಟ್ರ್ಯಾಕ್ಟರಿನಿಂದ ಕಳಚಿದ ಟ್ರೇಲರಿಗೆ ವಿದ್ಯುತ್ತೇ ಇರುವುದಿಲ್ಲ. ಹಾಗಾಗಿ ಕೆಂಪು ಪ್ರತಿಫಲಕಗಳು ಮತ್ತು ಹೊಳೆಯುವ ಪಟ್ಟಿ ಇರಲೇಬೇಕು. ಇವನ್ನು ದೀಪಗಳಿಗೆ ಬದಲಿಯೆಂದು ತಿಳಿಯದೆ ಅವುಗಳ ಜೊತೆಗಾರನೆಂದು ತಿಳಿಯಬೇಕು. ಕೆಸರು, ಧೂಳು ಒರೆಸುತ್ತಿರಬೇಕು. ಟ್ರೇಲರು ಕೆಟ್ಟು ನಿಂತರೆ ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಬೇಕು. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗಬಾರದು.

ಪಾಲನೆ

ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷೆ ಮಾಡಲು ಆಯುಧಪೂಜೆ ಒಳ್ಳೆಯ ಕಾಲ. ಹೇಗೂ ಟ್ರ್ಯಾಕ್ಟರ್, ಟ್ರೇಲರುಗಳನ್ನು ತೊಳೆದು ಪೂಜೆಗೆ ನಿಲ್ಲಿಸಿರುತ್ತಾರೆ. ಮುಂದೆ ಕಬ್ಬು, ಭತ್ತದ ಹಂಗಾಮು ಕಾದಿರುತ್ತದೆ. ಹೂಮಾಲೆ ಹಾಕುವ ಮುನ್ನ ಅರ್ಧ ಘಂಟೆ ದೀಪಗಳಿಗೆ ಕೊಟ್ಟರೆ ಸಾಕು.

ರಾಸಾಯನಿಕ ಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರ ಸಾಗಿಸಿದ ಮೇಲೆ ಟ್ರೇಲರನ್ನು ತೊಳೆಯಬೇಕು. ಗೊಬ್ಬರದ ಲವಣ ತೇವವನ್ನು ಹೀರಿ ತಾಮ್ರಕ್ಕೆ ಬೇಗ ಕಿಲುಬು ತರುತ್ತದೆ. ಪ್ಲಗ್ಗಿನ ಪಿನ್ನುಗಳಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ಟ್ರೇಲರು ಕಳಚಿದಾಗ ಪ್ಲಗ್ಗನ್ನು ನೆಲಕ್ಕೆ ಬೀಳಲು ಬಿಡದೆ ಮೂಕಿಯ ಕೊಕ್ಕೆಗೆ ಬಾಯಿ ಕೆಳಗಾಗಿ ತೂಗುಹಾಕಬೇಕು. ಕೇಬಲು ಪೂರ್ತಿ ತಿರುವಿಗೆ ಸಾಲುವಷ್ಟು ಸಡಿಲವಿರಬೇಕು, ನೆಲಕ್ಕೆ ಉಜ್ಜುವಷ್ಟು ಇರಬಾರದು. ಪಿಟಿಓ ದಂಡದ ಹತ್ತಿರ ಸುಳಿಯಲೇಬಾರದು. ಟ್ರೇಲರಿಗೆ ವೆಲ್ಡಿಂಗ್ ಮಾಡಿಸುವಾಗ ಪ್ಲಗ್ ಕಿತ್ತು, ಬ್ಯಾಟರಿಯ ಮೈನಸ್ ತಂತಿಯನ್ನೂ ಬಿಚ್ಚಿಸಬೇಕು. ಇಲ್ಲವಾದರೆ ಆಲ್ಟರ್ನೇಟರಿಗೆ ಹಾನಿಯಾಗಬಹುದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೂಕಿಯ ಪಿನ್ನನ್ನು ಅರ್ತ್ ಎಂದು ನಂಬಬೇಡಿ. 3ನೆಯ ಪಿನ್ನಿನಿಂದ 2.5 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆಸಿ.
2. ದೀಪಗಳು ವಿಚಿತ್ರವಾಗಿ ವರ್ತಿಸಿದರೆ ಮೊದಲು ಅರ್ತನ್ನು ನೋಡಿ.
3. ತಂತಿಯ ಬಣ್ಣಕ್ಕಿಂತ ಪಿನ್ನಿನ ಅಂಕಿಯನ್ನು ನಂಬಿ.
4. 12 ವೋಲ್ಟಿನ ಬಲ್ಬನ್ನೇ ಕೊಳ್ಳಿ. ಸರಿಯಾದ ಆಂಪಿಯರಿನ ಫ್ಯೂಸನ್ನೇ ಹಾಕಿ.
5. ಹೇರು ತುಂಬಿದ ಮೇಲೆ ಇಬ್ಬರು ಸೇರಿ ಪರೀಕ್ಷಿಸಿ. ಒಬ್ಬರು ಸ್ವಿಚ್ ಮತ್ತು ಬ್ರೇಕ್ ಒತ್ತಲಿ, ಇನ್ನೊಬ್ಬರು ಹಿಂದೆ ಇಪ್ಪತ್ತು ಹೆಜ್ಜೆ ನಡೆದು ನೋಡಲಿ.

ಗ್ರಾಮಮಟ್ಟದ ವಿಸ್ತರಣಾ ಕಾರ್ಯಕರ್ತರು ಹಂಗಾಮಿಗೆ ಮುನ್ನ ಊರಿನ ಟ್ರ್ಯಾಕ್ಟರ್ ಮಾಲೀಕರನ್ನೂ ಚಾಲಕರನ್ನೂ ಒಂದೆಡೆ ಸೇರಿಸಿ, ಒಂದು ಪರೀಕ್ಷಾ ದೀಪದೊಡನೆ ಈ ಕ್ರಮವನ್ನು ಮಾಡಿ ತೋರಿಸಬಹುದು. ಚಾಲಕನು ತನ್ನ ಟ್ರೇಲರಿನ ಹಿಂದಿನ ದೀಪವನ್ನು ಓಡಿಸುವಾಗ ಎಂದೂ ಕಾಣಲಾರನು. ಆದುದರಿಂದ ಹೊರಡುವ ಮುನ್ನ ಇಳಿದು ಹಿಂದಕ್ಕೆ ನಡೆದು ನೋಡುವ ಅಭ್ಯಾಸವನ್ನು ಪ್ರತಿಯೊಬ್ಬ ಟ್ರ್ಯಾಕ್ಟರ್ ಮಾಲೀಕನೂ ತಾನು ಬೆಳೆಸಿಕೊಂಡು ತನ್ನ ಚಾಲಕನಿಗೂ ಕಲಿಸಬೇಕು.